ಭಾವನ ನಂಬರು

ರಸ್ತೆಯಂಚಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಭಾವನ ಹೆಸರು ಹಿಡಿದು ಕೂಗಿದಳು. ಓಡುತ್ತಿದ್ದವನು ತಿರುಗಿ ನೋಡಲಿಲ್ಲ. "ನಿಮಗೇ ಹೇಳ್ತಿರೋದು, ನಿಲ್ಲಿಸ್ಬೇಡಿ, ಓಡಿ!" ಎಂದು ಅವಳು ಮತ್ತೆ ಅದೇ ಹೆಸರು ಕೂಗಿ ಚಪ್ಪಾಳೆ ತಟ್ಟಿದಾಗ, ತನ್ನ ಎದೆಯ ಮೇಲೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಿಕೊಂಡು ಕೂತಿರುವುದು ಭಾವನ ಹೆಸರು, ಭಾವನ ನಂಬರು ಎಂಬುದು ನೆನಪಾಗಿ, ಪಕ್ಕದ ಮನೆಯ ಹಿತ್ತಿಲಲ್ಲಿ ಸಿಕ್ಕಿಬಿದ್ದವನಂತೆ ಕೈಯೆತ್ತಿ ನಕ್ಕ. ಅವಳ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಮೇಲಿನ ಸಾಲಿನಲ್ಲಿ ಎಡಗಡೆಯ ಒಂದು ಹಲ್ಲು ಕಟ್ಟಿಸಿದ್ದು. ಬಣ್ಣ ಒಂದು ಚೂರು ಹೆಚ್ಚು ಬಿಳಿ. ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂತು ಮೇಣದಲ್ಲಿ, ಪ್ಲಾಸ್ಟರಿನಲ್ಲಿ ಮಂದಿಯ ಬಾಯಿಗಳ ಅಚ್ಚು ತೆಗೆದು ಹಲ್ಲಿನ ಸೆಟ್ಟು ಮಾಡುತ್ತ ಬಂದವನಿಗೆ ಮನುಷ್ಯರು ಮೊದಲು ಬಾಯಿಯಾಗಿಯೇ ಕಾಣುತ್ತಿದ್ದರು. ಕಣ್ಣು ಮೂಗು ಆಮೇಲೆ. ಬೆಳಗಿನ ಜಾವ ಓಟ ಶುರುವಾಗುವ ಗೇಟಿನ ಹಿಂದೆ ಸಾವಿರಾರು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾಗಲೂ ಅಷ್ಟೆ, ಸುತ್ತಲೂ ಬರೀ ಬಾಯಿಗಳು: ಆಕಳಿಸುವ ಬಾಯಿ, ಒಣಗಿದ ತುಟಿ ನೆಕ್ಕುವ ಬಾಯಿ, ಪಕ್ಕದವನ ಕಾಲನ್ನು ಕದ್ದು ನೋಡುತ್ತ 'ಆಲ್ ದಿ ಬೆಸ್ಟ್' ಅನ್ನುವ ಬಾಯಿ. ಅಲ್ಲಿ ನಿಂತಾಗ ಪ್ರತಿಸಲವೂ ಅವನಿಗೆ ಎಲ್ಲರ ಮೇಲೂ ಒಂದು ಅಕ್ಕರೆ ಉಕ್ಕುತ್ತಿತ್ತು. ಗೇಟು ದಾಟಿ ಓಡತೊಡಗಿದ ಮೇಲೆ ಅದೇ ಜನರಲ್ಲಿ ಒಬ್ಬೊಬ್ಬರನ್ನೂ ಹಿಂದೆ ಹಾಕುವುದರಲ್ಲಿ ಇರುವಷ್ಟು ಸುಖ ಇನ್ನಾವುದರಲ್ಲೂ ಇಲ್ಲ ಎನ್ನಿಸುತ್ತಿತ್ತು. ಈ ಎರಡರಲ್ಲಿ ನಿಜವಾದದ್ದು ಯಾವುದು ಎಂದು ಅವನು ಕೇಳಿಕೊಂಡವನಲ್ಲ.

ಭಾವ ಲ್ಯಾಬಿಗೆ ಬಂದಿದ್ದು ಮೊನ್ನೆ. ಬಂದವರೇ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು, ಪ್ಯಾಂಟು ಮೇಲೇರಿಸಿ ಮಂಡಿ ತೋರಿಸಿದ್ದರು. ಊದಿಕೊಂಡು ಹೊಳೆಯುತ್ತಿತ್ತು. "ನೋಡಯ್ಯಾ, ಇದನ್ನಿಟ್ಕೊಂಡು ಮೆಟ್ಲು ಹತ್ತೋದೇ ಕಷ್ಟ." "ಹಾಗಾದ್ರೆ ಓಡ್ಬೇಡಿ ಭಾವ." "ಓಡ್ಬೇಡಿ ಅನ್ನೋದು ಸುಲಭ. ನಮ್ಮ ದೊಡ್ಡ ಸಾಹೇಬ್ರಿಗೆ ಈಗ ಓಟದ ಹುಚ್ಚು. ಅವರಿಗೆ ಹುಚ್ಚು ಹಿಡಿದ್ಮೇಲೆ ಆಫೀಸಿಗೇ ಹಿಡೀಬೇಕಲ್ಲ. ಮೀಟಿಂಗಿನಲ್ಲಿ ಎಲ್ಲರಿಗಿಂತ ಮೊದ್ಲು ಕೈ ಎತ್ತಿದೋನು ನಾನು. ಈಗ ಮಂಡಿನೋವು ಅಂದ್ರೆ ರಿಟೈರಾಗೋವರೆಗೂ ಆಡ್ಕೊಂಡು ನಗ್ತಾರೆ." "ಅಕ್ಕಂಗೆ ಗೊತ್ತಾ?" "ಅವಳಿಗೆ ಹೇಳಿದ್ರೆ ಆಯ್ತು, ಡಾಕ್ಟ್ರು, ಸ್ಕ್ಯಾನು ಅಂತ ಮನೇನೇ ತಲೆ ಮೇಲೆ ಹೊತ್ಕೊಂಡು ಕುಣೀತಾಳೆ. ನಾನೇ ಓಡ್ತಿದೀನಿ ಅಂತ್ಲೇ ಅವಳು ತಿಳ್ಕೊಳ್ಲಿ. ನೀನು ಹೇಗಿದ್ರೂ ದಿನಾ ಓಡೋನು, ನಿಂಗಿದು ನೀರು ಕುಡಿದಷ್ಟು ಸಲೀಸು. ನನ್ನ ನಂಬರು ಹಾಕ್ಕೊಂಡು ಓಡು, ಕೊನೇಲಿ ನಾನಲ್ಲೇ ಎಲ್ಲಾದ್ರೂ ಇರ್ತೀನಿ, ಮೆಡಲು ನನ್ ಕೈಗೆ ಕೊಟ್ಬಿಡು." ಇಷ್ಟು ವರ್ಷಗಳಲ್ಲಿ ಭಾವ ಅವನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮನೆಗೆ ಹೋದಾಗಲೆಲ್ಲ "ಏನಯ್ಯಾ, ನಾಯಿ ಅಟ್ಟಿಸ್ಕೊಂಡು ಬಂದಂಗೆ ಓಡ್ತೀಯಲ್ಲ, ಅಲ್ಲಿ ಯಾರು ಕಾದಿದಾರೆ ನಿಂಗೆ?" ಎಂದು ನಗುತ್ತಿದ್ದ ಮನುಷ್ಯ. ಅಕ್ಕನೂ ನಗುತ್ತಿದ್ದಳು. ಹೆಂಡತಿ ಮಕ್ಕಳಿಲ್ಲದ ತಮ್ಮನ ಬಗ್ಗೆ ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ಗಂಡ ಅಂದದ್ದರಿಂದ ಅದು ತಮಾಷೆ.

ಒಪ್ಪಿಕೊಂಡದ್ದಷ್ಟೇ ಅಲ್ಲ, ಅವನು ತನ್ನ ಅಳತೆ ಮೀರಿ ಓಡುತ್ತಿದ್ದ. ಯಾವಾಗಲೂ ಓಡುವ ಹದ ಅವನ ಕಾಲಿಗೆ ಗೊತ್ತಿತ್ತು, ಶ್ವಾಸಕ್ಕೆ ಗೊತ್ತಿತ್ತು. ಇವತ್ತು ಮಾತ್ರ ಮೊದಲ ಕಿಲೋಮೀಟರಿನ ಬೋರ್ಡಿನಿಂದಲೇ ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತಿರುವ ಹಾಗೆ. ಭಾವನ ಹೆಸರಿಗೆ, ತಾನು ಯಾವತ್ತೂ ಓಡಿರದಷ್ಟು ಒಳ್ಳೆಯ ಟೈಮು ತಂದುಕೊಡಬೇಕು. ಸಂಜೆ ಅಕ್ಕ ಗಂಡನನ್ನು ಬಾಯಿತುಂಬ ಹೊಗಳುತ್ತಿರುವಾಗ ತಾನು ಎದುರಿಗೆ ಏನೂ ಗೊತ್ತಿಲ್ಲದವನ ಹಾಗೆ ಕೂತಿರಬೇಕು. ಒಂದಲ್ಲ ಒಂದು ದಿನ ವಿಷಯ ಹೊರಬಿದ್ದೇ ಬೀಳುತ್ತದೆ, ಆಗ ಅವಳು ಕಣ್ಣರಳಿಸಿ, "ಅಯ್ಯೋ, ಓಡಿದ್ದು ನೀನಾ!" ಅನ್ನಬೇಕು. ಈ ಮಾತನ್ನು ಅವಳ ದನಿಯಲ್ಲೇ ಒಳಗೆ ಕೇಳಿಸಿಕೊಳ್ಳುತ್ತ ಅವನು ಇಪ್ಪತ್ತರ ಬೋರ್ಡು ದಾಟಿದ. ಕ್ಯಾಮೆರಾದವನು ಕಂಡಲ್ಲೆಲ್ಲ ಎದೆಯುಬ್ಬಿಸಿ ನಕ್ಕ, ದಾಟಿದ ಕೂಡಲೇ ಬಾಯಿ ಜೋಲು ಬಿಟ್ಟ. ಬೆನ್ನು ಬಾಗಿದ ಮುದುಕರೊಬ್ಬರು ತಮ್ಮ ಪಾಡಿಗೆ ತಾವು ಏನನ್ನೋ ಗುನುಗಿಕೊಳ್ಳುತ್ತ ಅವನನ್ನು ಹಿಂದಿಕ್ಕಿ ಹೋದಾಗ, ಆ ಮುದುಕರು ಮುಂದೆಲ್ಲಾದರೂ ಎಡವಲಿ ಎಂದು ಮನಸ್ಸು ಸ್ಪಷ್ಟವಾಗಿ, ಅಕ್ಷರ ಅಕ್ಷರವಾಗಿ ಹಾರೈಸಿದ್ದು ಕೇಳಿಸಿ ಬೆಚ್ಚಿದ. ಸೇತುವೆಯ ಹತ್ತಿರ ಒಬ್ಬ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಯಾರೋ ಅವನ ಕಾಲನ್ನು ಎತ್ತಿ ಹಿಡಿದಿದ್ದರು. ಪಾಪ ಎಂದುಕೊಳ್ಳುವಷ್ಟರಲ್ಲಿ ಅವನು ಮುಂದೆ ಹೋಗಿ ಆಗಿತ್ತು. ಹೋದಮೇಲೆ ಕಾಲಿಗೆ ಬಂದದ್ದು ಒಂದು ಹೊಸ ಕಸುವು.

ಮೂವತ್ತರ ಬೋರ್ಡಿನ ಆಚೆ ಬಿಸಿಲು ಬಿಳಿಯಾಯಿತು. ಬೆವರು ನಿಂತಿತು. ಸುಡುಬಿಸಿಲಿನಲ್ಲಿ ರೋಮ ನಿಮಿರಿ ಚಳಿಯಾದಾಗ, ಇದು ಒಳ್ಳೆಯದಲ್ಲ ಎಂದು ಒಳಗಿನಿಂದ ಒಬ್ಬ ಹೇಳಿದ. ನಿನ್ನನ್ನು ಯಾರು ಕೇಳಿದರು ಎಂದು ಇನ್ನೊಬ್ಬ ಗದರಿದ. ಎದುರಿನ ನೀರಿನ ಟೇಬಲ್ಲು ಹತ್ತಿರ ಬರುವ ಬದಲು ಪಕ್ಕಕ್ಕೆ ವಾಲತೊಡಗಿತು. ಟೇಬಲ್ಲು ಬೀಳುತ್ತಿದೆ ಹಿಡಿಯಿರಿ ಎಂದು ಕೂಗಬೇಕೆಂದುಕೊಂಡ. ಬಿದ್ದದ್ದು ತಾನು ಎಂದು ತಿಳಿದದ್ದು ಕೆನ್ನೆಗೆ ಒದ್ದೆ ಕಾಗದದ ಕಪ್ಪುಗಳು ಅಂಟಿಕೊಂಡಾಗ. ಕಣ್ಣಿನ ಮಟ್ಟದಲ್ಲಿ ಶೂಗಳು ಬರುತ್ತಿದ್ದವು, ಹತ್ತಿರ ಬಂದು ಚಂಗನೆ ಪಕ್ಕಕ್ಕೆ ಹಾರಿ ಹೋಗುತ್ತಿದ್ದವು. "ಸೈಡಿಗೆ ಎಳ್ಕೊಳ್ರಪ್ಪಾ, ದಾರೀಲಿ ಬಿದ್ದಿದಾನೆ," ಎಂದು ಒಂದು ದನಿ ಸಿಡುಕುತ್ತ ಹೋಯಿತು. ಚಡ್ಡಿ ಒದ್ದೆಯಾಗಿರುವುದು ನೀರಿನಿಂದಲ್ಲ ಎಂಬುದು ಹೊಳೆದು, ಇಷ್ಟಾದರೂ ಮುಚ್ಚಿಕೊಳ್ಳೋಣವೆಂದು ಕೈ ಚಾಚಿದ; ಕೈ ಅವನ ಮಾತು ಕೇಳಲಿಲ್ಲ.

ಡೇರೆಯೊಳಗೆ ಕಂಕುಳಿಗೆ, ತೊಡೆಸಂದಿಗೆ ಐಸಿನ ಚೀಲ ಇಟ್ಟಿದ್ದರು. ಸಣ್ಣ ವಯಸ್ಸಿನ ಡಾಕ್ಟರಮ್ಮ ರೆಪ್ಪೆ ಎತ್ತಿ ಟಾರ್ಚು ಬಿಟ್ಟು, ಭಾವನ ಹೆಸರು ಹೇಳಿ, "ಕೇಳಿಸ್ತಿದ್ಯಾ? ಕೈ ಹಿಸುಕಿ ನೋಡೋಣ," ಎಂದಳು. ಅವನು ಹಿಸುಕಿದ. "ಗುಡ್. ಇವರ ಮನೆಗೆ ತಿಳಿಸಿ." ಹಳದಿ ಟೀಶರ್ಟಿನ ಹುಡುಗಿಯೊಬ್ಬಳು ಅವನ ಎದೆಯಿಂದ ಪಿನ್ನು ಬಿಚ್ಚಿ, ಕಾಗದ ತಿರುಗಿಸಿ, ಹಿಂಭಾಗದಲ್ಲಿ 'ಹೆಂಡತಿ' ಎಂದು ಬರೆದಿದ್ದ ಫೋನ್ ನಂಬರು ಒತ್ತತೊಡಗಿದಳು. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು. ಆ ನಂಬರು ಅಕ್ಕನದು. ತನ್ನ ಸ್ವಂತದ ಓಟಗಳಲ್ಲಿ ಅವನೂ ಅದೇ ಜಾಗದಲ್ಲಿ ಅದೇ ನಂಬರು ಬರೆಯುತ್ತಿದ್ದ. ಬರೆಯಲು ಬೇರೆ ನಂಬರಿರಲಿಲ್ಲ. "ಹಲೋ ಮೇಡಂ, ಗಾಬರಿ ಆಗ್ಬೇಡಿ. ನಿಮ್ಮ ಯಜಮಾನ್ರು ಓಡ್ತಾ ಓಡ್ತಾ ಬಿದ್ಬಿಟ್ರು. ಇಲ್ಲ, ಉಸಿರಾಡ್ತಿದಾರೆ. ಪಾರ್ಕಿನ ಗೇಟ್ ಹತ್ರ ಡೇರೆ ಇದೆ, ಬೇಗ ಬಂದ್ಬಿಡಿ." ನಾನಲ್ಲ, ನಾನವಳ ತಮ್ಮ. ಎರಡೇ ಮಾತು. ನಾಲಿಗೆ ದಪ್ಪಗಾಗಿತ್ತು, ನಿಜ. ಆದರೆ ಆಗತಾನೇ ನೀರು ಬೇಕು ಎಂದು ಕೇಳಿ ಕುಡಿದಿದ್ದ ನಾಲಿಗೆ ಅದು. ಕೈ ಎತ್ತಬಹುದಿತ್ತು, ತಲೆ ಆಡಿಸಬಹುದಿತ್ತು. ಅವನು ಕಣ್ಣು ಮುಚ್ಚಿಕೊಂಡ. ಬರಲಿ, ಒಂದು ಸಲ ಗಂಡನಿಗಾಗಿ ಬರುವ ಹಾಗೆ ಬರಲಿ ಎಂಬ ಆಸೆ ಹೊಟ್ಟೆಯಲ್ಲಿ ಬೆಚ್ಚಗೆ ಮಗ್ಗುಲಾದದ್ದನ್ನು ಅವನು ನೋಡಿದ, ನೋಡಿಯೂ ಸುಮ್ಮನಿದ್ದ.

ಈಗ ಅಕ್ಕ ಒಲೆ ಆರಿಸುತ್ತಿದ್ದಾಳೆ. ಈಗ ಚಪ್ಪಲಿ ಹುಡುಕುತ್ತಿದ್ದಾಳೆ, ಎಡದ್ದು ಬಲದ್ದು ಅದಲುಬದಲಾಗಿದೆ. ಮೆಟ್ಟಿಲು, ಬೀದಿ, ಆಟೋ. ಅಮ್ಮ ತೀರಿಕೊಂಡ ವರ್ಷ ಅವನು ಕಾಂಪೌಂಡಿನಿಂದ ಬಿದ್ದು ತುಟಿ ಸೀಳಿದಾಗ ಅವಳು ಹೀಗೆಯೇ ಸ್ಕೂಲಿನಿಂದ ಓಡಿಬಂದಿದ್ದಳು. ತಾನೇ ಇನ್ನೂ ಎರಡು ಜಡೆಯ ಹುಡುಗಿ, ಅವನನ್ನು ಸೊಂಟಕ್ಕೇರಿಸಿಕೊಂಡು, ದಾರಿಯಲ್ಲಿ ಸಿಕ್ಕವರೆಲ್ಲ ನಾನು ಎತ್ಕೋತೀನಿ ಕೊಡಮ್ಮ ಅಂದರೂ ಕೊಡದೆ, ಆಸ್ಪತ್ರೆಯವರೆಗೂ ಹೊತ್ತಿದ್ದಳು. ಡಾಕ್ಟರು ಹೊಲಿಗೆ ಹಾಕುವಾಗ ಅವನಿಗಿಂತ ಜೋರಾಗಿ ಅವಳೇ ಅತ್ತಿದ್ದಳು. ಐಸಿನ ನೀರು ಬೆನ್ನ ಕೆಳಗೆ ಇಳಿದು ನಡುಕ ಬಂತು. ಪಕ್ಕದ ಮಂಚದಲ್ಲಿ ಒಬ್ಬ ಮಗುವಿನಂತೆ ಬಿಕ್ಕುತ್ತ, "ಇನ್ನು ಒಂದೇ ಒಂದು ತಿರುವು ಇತ್ತು, ಒಂದೇ ಒಂದು," ಎನ್ನುತ್ತಿದ್ದ.

ಡೇರೆಯ ಬಾಗಿಲಿನ ಬಟ್ಟೆ ಪಟಾರನೆ ಸರಿಯಿತು. ಅಕ್ಕ. ಕೂದಲು ಬಿಚ್ಚಿಹೋಗಿತ್ತು, ಮನೆಯಲ್ಲುಡುವ ಸೀರೆ, ಒಂದು ಕೈಯಲ್ಲಿ ಮನೆಯ ಬೀಗ ಮಾತ್ರ ಇತ್ತು. ಆ ಬಾಯಿಯನ್ನು ಅವನು ಹಿಂದೆಂದೂ ನೋಡಿರಲಿಲ್ಲ: ಕೆಳತುಟಿ ಒಳಕ್ಕೆ ಮಡಚಿ, ಗಲ್ಲವೆಲ್ಲ ಸುಕ್ಕಾಗಿ, ಹಲ್ಲಿಲ್ಲದ ಮುದುಕಿಯ ಬಾಯಿ. ಒಂದೊಂದೇ ಮಂಚ ದಾಟುತ್ತ ಬಂದು ಅವನ ಮುಂದೆ ನಿಂತಳು. ನೋಡಿದಳು. ಆಮೇಲೆ ಅವನ ಕಣ್ಣೆದುರೇ, ಹತ್ತಿರದಿಂದ, ಆ ಬಾಯಿ ಬಿಚ್ಚಿಕೊಂಡಿತು. ತುಟಿಯ ಎರಡು ತುದಿಗಳೂ ಮೇಲಕ್ಕೇರಿದವು, ಕೆನ್ನೆಗೆ ರಕ್ತ ಬಂತು, ಹಲ್ಲು ಕಂಡಿತು. "ಅಯ್ಯೋ ದೇವ್ರೇ, ನೀನಾ!" ಎಂದು ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಗಟ್ಟಿಯಾಗಿಯೇ ನಕ್ಕಳು, ಡಾಕ್ಟರಮ್ಮ ತಿರುಗಿ ನೋಡುವಷ್ಟು. ಮರುಗಳಿಗೆ, "ಹಾಗಾದ್ರೆ ಅವರೆಲ್ಲಿ?" ಅಂದಳು. "ಭಾವ ಚೆನ್ನಾಗಿದಾರೆ," ಎಂದ ಅವನು. ನಾಲಿಗೆ ಸಲೀಸಾಗಿ ಹೊರಳಿತು. "ಓಟ ಮುಗಿಯೋ ಜಾಗದ ಹತ್ರ ಇದಾರೆ. ಅವರು ಓಡ್ಲಿಲ್ಲ." ಅವಳು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ. ಬಾಗಿಲಿನ ಬಟ್ಟೆ ಮತ್ತೆ ಪಟಾರನೆ ಸರಿದು, ಇನ್ನೂ ತೂಗುತ್ತಿತ್ತು, ಅವಳಿರಲಿಲ್ಲ.

"ಯಾರವರು?" ಎಂದಳು ಡಾಕ್ಟರಮ್ಮ. "ನಿಮ್ಮ ಮನೆಯವರಲ್ವಾ?" "ಅಕ್ಕ." "ಅಕ್ಕ ಅಂತೀರಿ, ಮತ್ತೆ ಹಾಗೆ ಓಡ್ಹೋದ್ರಲ್ಲ?" ಅವನು ಬಾಗಿಲಿನ ಬಟ್ಟೆಯತ್ತ ಹೊರಳಿದ. ಬಿದ್ದಾಗ ಆಗದ ಆಘಾತ ಈಗ ಕಾಲಿನಿಂದ ಮೇಲಕ್ಕೆ ಏರುತ್ತಿತ್ತು. ಅವಳು ಅಳಬೇಕಿತ್ತು, ಬಯ್ಯಬೇಕಿತ್ತು, ಹಣೆ ಮುಟ್ಟಬೇಕಿತ್ತು ಎಂದಲ್ಲ. ಆ ನಗು ಒಳ್ಳೆಯ ನಗು, ಅದರಲ್ಲಿ ವಿಷವಿರಲಿಲ್ಲ, ಅದೇ ತಡೆಯಲಾಗದ್ದು. ಕಳೆದುಹೋದದ್ದು ತನ್ನದಲ್ಲ, ಪಕ್ಕದವರದ್ದು ಎಂದು ಗೊತ್ತಾದಾಗ ಯಾರ ಮುಖದಲ್ಲಾದರೂ ಮೂಡುವ ನಗು. ಪಕ್ಕದವರು ಅಂದರೆ ತಾನು. ಅವನು ಸತ್ತೇಹೋಗಿದ್ದರೂ ಮೊದಲ ಒಂದು ಕ್ಷಣ ಆ ಬಾಯಿ ಹಾಗೆಯೇ ಅರಳುತ್ತಿತ್ತು ಎಂಬ ಯೋಚನೆ ಬಂದು, ಅದನ್ನು ತಳ್ಳಲು ಹೋಗಿ, ತಳ್ಳಲಾಗದೆ ಡೇರೆಯ ಸೂರನ್ನು ನೋಡುತ್ತ ಮಲಗಿದ.

ಇಬ್ಬರೂ ಒಟ್ಟಿಗೆ ಬಂದರು. ಅಕ್ಕ ಭಾವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು, ಜಾತ್ರೆಯಲ್ಲಿ ತಪ್ಪಿಸಿಕೊಂಡು ಸಿಕ್ಕ ಮಗುವಿನ ಕೈ ಹಿಡಿದ ಹಾಗೆ. ಭಾವ ಓಟದ ಬಟ್ಟೆಯಲ್ಲೇ ಇದ್ದರು. ಬೆವರಿದಂತೆ ಕಾಣಲೆಂದು ಟೀಶರ್ಟಿಗೆ ಬಾಟಲಿ ನೀರು ಸುರಿದುಕೊಂಡಿದ್ದರು. ಅದು ಎದೆಯ ಮೇಲೆ ಒಂದೇ ಕಡೆ ಭೂಪಟದ ಹಾಗೆ ಒದ್ದೆಯಾಗಿತ್ತು. "ಎಲ್ಲಯ್ಯಾ ಬಿದ್ದೆ? ಇನ್ನೆಷ್ಟು ಉಳಿದಿತ್ತು?" ಎಂದು ಬಾಯಿತಪ್ಪಿ ಕೇಳಿದವರು, ಅಕ್ಕ ನೋಡಿದ ನೋಟಕ್ಕೆ ತಲೆ ತಗ್ಗಿಸಿದರು. ಆಮೇಲೆ ಆ ಊದಿದ ಮಂಡಿಯನ್ನು ಹಲ್ಲು ಕಚ್ಚಿ ಮಡಚಿ ನೆಲಕ್ಕೆ ಕೂತು, ಯಾರೂ ಹೇಳದಿದ್ದರೂ, ಅವನ ಶೂಗಳ ದಾರ ಬಿಚ್ಚತೊಡಗಿದರು. ಕಾಲುಚೀಲದ ತುದಿ ರಕ್ತದಲ್ಲಿ ಅಂಟಿಕೊಂಡಿತ್ತು. "ಅಯ್ಯಾ..." ಎಂದರು ಭಾವ. ಅವನಿಗೆ ಭಾವನ ಬೋಳುನೆತ್ತಿ ಕಾಣುತ್ತಿತ್ತು. ಈ ಮನುಷ್ಯನನ್ನು ದ್ವೇಷಿಸಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎನ್ನಿಸಿತು. ಅಕ್ಕ ಅವನ ಹಣೆಯ ಮೇಲೆ ಕೈಯಿಟ್ಟು, ಕೂದಲು ಸವರಿ, "ಏನ್ ಕೆಲಸ ಮಾಡ್ಕೊಂಡ್ಯೋ ಪುಟ್ಟಾ," ಅಂದಳು. ಬಂದಾಗ ಇಡಬೇಕಿದ್ದ ಕೈ ಈಗ ಬಂದಿತ್ತು. ಅದರಲ್ಲಿ ಪ್ರೀತಿಯಿತ್ತು. ತಡವಾಗಿ ಬಂದ ಪ್ರೀತಿ ಅಂತ ಅದರ ತೂಕ ಕಡಿಮೆಯಾಗಿರಲಿಲ್ಲ. ಅವನಿಗೇ ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನ ಅಕ್ಕನ ಮನೆಯ ಹಾಲಿನ ಸೋಫಾದಲ್ಲಿ, ಭಾವನ ಪೈಜಾಮ ಹಾಕಿಕೊಂಡು ಮಲಗಿದ್ದವನಿಗೆ ಎಚ್ಚರವಾದದ್ದು ಒಳಕೋಣೆಯ ಮಾತಿನಿಂದ. ಭಾವ ಫೋನಿನಲ್ಲಿದ್ದರು. "ಇಲ್ಲ ಸಾರ್, ಈಗ ಪರವಾಗಿಲ್ಲ... ಮೂವತ್ತರ ತನಕ ಆರಾಮಾಗೇ ಇದ್ದೆ ಸಾರ್. ಆಮೇಲೆ ಇದ್ದಕ್ಕಿದ್ದಂಗೆ ಕಣ್ಣಿಗೆ ಕತ್ತಲೆ ಬಂದು ಬಿದ್ಬಿಟ್ಟೆ. ಹೂಂ ಸಾರ್, ಐಸೆಲ್ಲಾ ಇಟ್ರು." ಕಣ್ಣು ಬಿಟ್ಟು ನೋಡಿದರೆ ಅಕ್ಕ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಅವಳೂ ಕೇಳಿಸಿಕೊಳ್ಳುತ್ತಿದ್ದಳು. ಅವನು ಬಿದ್ದದ್ದು ಕೂಡ ಇನ್ನು ಅವನದಲ್ಲ. ಇಬ್ಬರ ಕಣ್ಣೂ ಸೇರಿತು. ಹಳೆಯ ದಿನಗಳಾಗಿದ್ದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಅವನೂ ನಗುತ್ತಿದ್ದ. ಅವಳು ಎದ್ದು ಒಳಕೋಣೆಯ ಬಾಗಿಲೆಳೆದು ಬಂದು ಮತ್ತೆ ಕೂತಳು.

"ಆ ಡಾಕ್ಟ್ರು ಒಂದ್ ಮಾತು ಹೇಳಿದ್ಲು," ಎಂದಳು. "ತಂದು ಮಲಗಿಸಿದಾಗಿಂದ ನಿಂಗೆ ಪ್ರಜ್ಞೆ ಇತ್ತಂತೆ. ನೀರು ಕೇಳಿ ಕುಡಿದ್ಯಂತೆ."

ಅವನು ಪೈಜಾಮದ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡ.

"ಆ ಹುಡುಗಿ ನಂಗೆ ಫೋನ್ ಮಾಡಿದಾಗ ಕೇಳಿಸ್ತಿತ್ತಾ ನಿಂಗೆ?"

"ಹೂಂ."

"ನಿಮ್ಮ ಯಜಮಾನ್ರು ಅಂದದ್ದು?"

"ಕೇಳಿಸ್ತು."

ಅಕ್ಕ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಆಟೋದಲ್ಲಿ ಕೂತ್ಕೊಂಡು ನಾನೇನೇನ್ ಅಂದ್ಕೊಂಡೆ ಗೊತ್ತೇನೋ ನಿಂಗೆ? ಅವರ ಅಣ್ಣಂಗೆ ಏನಂತ ಹೇಳ್ಲಿ, ಯಾವ್ ಬಾಯಲ್ಲಿ ಹೇಳ್ಲಿ ಅಂತ ಮಾತು ಜೋಡಿಸ್ಕೊಳ್ತಿದ್ದೆ. ಸಿಗ್ನಲ್ಲಲ್ಲಿ ನಿಂತಾಗ ಡ್ರೈವರಿಗೆ ಕೈ ಮುಗಿದೆ ಕಣೋ. ಅಷ್ಟು ಹೊತ್ತು ನೀನು ಮಲ್ಕೊಂಡು... ಯಾಕೋ? ನಾನ್ ನಿಂಗೇನ್ ಮಾಡಿದ್ದೆ?"

ಗೊತ್ತಿಲ್ಲ ಎನ್ನಬಹುದಿತ್ತು. ಬಾಯಿ ತಿರುಗಲಿಲ್ಲ ಎಂದಿದ್ದರೆ ಅವಳು ನಂಬಿಬಿಡುತ್ತಿದ್ದಳು, ನಂಬಲು ಸಿದ್ಧವಾಗಿಯೇ ಕೂತಿದ್ದಳು. "ನೀನು ಬರೋದನ್ನ ನೋಡ್ಬೇಕು ಅನ್ನಿಸ್ತು," ಎಂದ.

"ಏನು?"

"ಭಾವಂಗೆ ಅಂತ ನೀನು ಹೇಗೆ ಬರ್ತೀಯ, ಅದನ್ನ ನೋಡ್ಬೇಕು ಅನ್ನಿಸ್ತು."

ಅಕ್ಕನ ಮುಖದಲ್ಲಿ ಏನೂ ಅಲುಗಲಿಲ್ಲ. ಯಾರೋ ಅಪರಿಚಿತ ತನ್ನ ಸೋಫಾದಲ್ಲಿ, ತನ್ನ ಗಂಡನ ಬಟ್ಟೆ ಹಾಕಿಕೊಂಡು ಮಲಗಿರುವುದನ್ನು ಈಗ ಕಂಡವಳಂತೆ ನೋಡಿದಳು. ಒಳಗೆ ಭಾವ ಯಾವುದೋ ಮಾತಿಗೆ ವಿನಯದಿಂದ ನಗುತ್ತಿದ್ದರು.

"ನೋಡಿದ್ಯಲ್ಲ," ಎಂದಳು.

"ನೋಡ್ದೆ. ನೀನು ನಕ್ಕೆ ಅಕ್ಕ."

ಇಲ್ಲ ಅನ್ನುತ್ತಾಳೆ, ಗಾಬರಿಗೆ ಹಾಗಾಯ್ತು ಅನ್ನುತ್ತಾಳೆ ಎಂದು ಅವನು ಕಾದ. ಹಾಗೆ ಅಂದುಬಿಡಲಿ ಎಂದು ಬೇಡಿಕೊಂಡ.

"ಹೂಂ, ನಕ್ಕೆ," ಎಂದಳು ಅಕ್ಕ. "ಸುಳ್ಳು ಹೇಳಲ್ಲ. ನಿನ್ ಮುಖ ಕಂಡ ತಕ್ಷಣ ಹೋದ ಜೀವ ಬಂತು ನಂಗೆ. ಆಮೇಲೆ ಅವರನ್ನ ಹುಡುಕ್ಕೊಂಡು ಅರ್ಧ ದಾರಿ ಹೋದ್ಮೇಲೆ, ಅಲ್ಲಿ ಮಲಗಿದ್ದೋನು ನೀನು ಅಂತ ತಲೆಗೆ ಹೋಯ್ತು. ಅಲ್ಲೇ ನಿಂತೆ. ಆದ್ರೂ ವಾಪಸ್ ಬರ್ಲಿಲ್ಲ. ಅವರನ್ನ ಒಂದ್ ಸಲ ಕಣ್ಣಿಂದ ನೋಡ್ಬೇಕಿತ್ತು." ಸೆರಗು ಸರಿಮಾಡಿಕೊಂಡು, "ಅದು ಹಾಗೆ ಕಣೋ," ಅಂದಳು. ಅವಳ ದನಿಯಲ್ಲಿ ಕ್ಷಮೆ ಕೇಳುವ ಧಾಟಿಯಿರಲಿಲ್ಲ, ಕೊಡುವ ಧಾಟಿಯೂ ಇರಲಿಲ್ಲ.

"ಹೊರಡ್ತೀನಿ," ಎಂದು ಅವನು ಎದ್ದ. ಇವತ್ತೊಂದು ರಾತ್ರಿ ಇಲ್ಲೇ ಇರು ಎಂದು ಅವಳು ಒಂದು ಸಲ ಹೇಳಿದಳು. ಎರಡನೆಯ ಸಲ ಹೇಳಲಿಲ್ಲ. ಅವನ ಒದ್ದೆ ಬಟ್ಟೆ ತೊಳೆದು ಹಿಂಡಿ ಚೀಲದಲ್ಲಿ ಹಾಕಿಟ್ಟಿದ್ದಳು. ಆ ಚಡ್ಡಿಯನ್ನೂ ತೊಳೆದಿದ್ದಾಳೆ ಎಂದು ಹೊಳೆದು ಅವನ ಕಿವಿ ಬಿಸಿಯಾಯಿತು.

ಲಿಫ್ಟಿಲ್ಲದ ಮೂರನೆಯ ಮಹಡಿ. ಹತ್ತುವಾಗ ಕುಂಟುತ್ತಲೇ ಆದರೂ ಭಾವ ಹೆಗಲು ಕೊಟ್ಟಿದ್ದರು, ಅಷ್ಟೇನೂ ಗೊತ್ತಾಗಿರಲಿಲ್ಲ. ಈಗ ಬಾಗಿಲು ದಾಟಿ, ಹಿಂತಿರುಗಿ ನೋಡದೆ ಸರಸರ ಇಳಿದುಬಿಡಬೇಕೆಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟನೋ ಇಲ್ಲವೋ, ತೊಡೆಯೊಳಗೆ ಏನೋ ಹರಿದಂತಾಗಿ ಮಂಡಿ ಮಡಚಿಕೊಂಡಿತು. ಕಂಬಿ ಹಿಡಿದು ನಿಂತ. ಉದ್ದದ ಓಟ ಓಡಿದವರಿಗೆಲ್ಲ ಗೊತ್ತಿರುವ ಉಪಾಯ ಒಂದೇ: ಹಿಂದುಮುಂದಾಗಿ ಇಳಿಯುವುದು. ಅವನು ತಿರುಗಿದ. ತಿರುಗಿದರೆ ಮೇಲೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎರಡು ಕೈಯಲ್ಲೂ ಕಂಬಿ ಹಿಡಿದು, ಹಿಮ್ಮಡಿಯಿಂದ ಮೆಟ್ಟಿಲನ್ನು ತಡಕಾಡುತ್ತ, ಅವಳ ಮುಖವನ್ನು ನೋಡುತ್ತಲೇ ಅವನು ಒಂದು ಮೆಟ್ಟಿಲು ಇಳಿದ. ಇಳಿಯುವವನಿಗೆ ಕಾಲು ನೋಡಿಕೊಳ್ಳುವ ನೆಪವಾದರೂ ಇತ್ತು. ಅವಳಿಗೆ ಅದೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಅವನ ಬೆನ್ನ ಹಿಂದೆ ಅವನಿಗೆ ಕಾಣದಿದ್ದ ಮೆಟ್ಟಿಲುಗಳು ಅವಳಿಗೆ ಕಾಣುತ್ತಿದ್ದವು.

"ಇನ್ನೊಂದಿದೆ," ಎಂದಳು. ಅವನು ಇಳಿದ. "ಇನ್ನೊಂದು. ಸ್ವಲ್ಪ ಎಡಕ್ಕೆ, ಅಲ್ಲಿ ಅಂಚು ಮುರಿದಿದೆ." ಇಳಿದ. "ಹೂಂ. ಇನ್ನೊಂದು."

ತಿರುವು ಬಂತು. ತಿರುವು ದಾಟಿದ ಮೇಲೆ ಅವಳು ಮರೆಯಾದಳು. ಎದುರಿಗೆ ಸುಣ್ಣದ ಗೋಡೆ. ಬಾಗಿಲು ಹಾಕಿಕೊಂಡ ಸದ್ದಿಗಾಗಿ ಅವನು ಕಿವಿಗೊಟ್ಟು ನಿಂತ. ಕೇಳಿಸಲಿಲ್ಲ. ತಡಕಾಡಿ ಒಂದು ಹೆಜ್ಜೆ ಕೆಳಗಿಟ್ಟ.

"ಹೂಂ," ಎಂದಿತು ಮೇಲಿನಿಂದ ದನಿ.

ಅವನು ಬೇಕೆಂದೇ ನಿಂತ. ಮೇಲೂ ನಿಶ್ಶಬ್ದ. ಬರೀ ಹೆಜ್ಜೆಯ ಸದ್ದು ಹಿಡಿದು ಅವಳು ತನ್ನನ್ನು ಇಳಿಸುತ್ತಿದ್ದಾಳೋ ಕಳಿಸುತ್ತಿದ್ದಾಳೋ ತಿಳಿಯದೆ, ಕಂಬಿಗೆ ಹಣೆಯಾನಿಸಿ ಉಸಿರು ಎಳೆದುಕೊಂಡ. ಆಮೇಲೆ ಕಾಲು ಹಿಂದಕ್ಕೆ ಚಾಚಿ, ಗಾಳಿಯಲ್ಲಿ ಹುಡುಕಿ, ಮೆಲ್ಲಗೆ ಕೆಳಗಿಟ್ಟ.

"ಹೂಂ."